ಡಿಟಿಪಿ ಅಣ್ಣನಿಗೊಂದು ಕಾಗದ

ಅರಸೀಕೆರೆ
ಭಾನುವಾರ

ಡಿಟಿಪಿ ಅಣ್ಣನವರಿಗೆ,



ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹೀಗೆ ಬರೆಯಲು ಸಂಕಟವಾಗುತ್ತದೆ. 2003ರಿಂದ ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಶನಿವಾರ ಮಧ್ಯಾಹ್ನ ಅಪ್ಪನ ಜೊತೆ ನಿಮ್ಮ ಅಂಗಡಿಗೆ ಬರುತ್ತಿದ್ದವಳು ನಾನು. ಸ್ಟೇಷನ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದೇ ಬಾಗಿಲಿನ ಮಳಿಗೆ. ‘ಕಂಪ್ಯೂಟರ್ ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್, ಎಸ್‌ಟಿಡಿ’ ಎಂಬ ಹಳದಿ ಬೋರ್ಡು. ಊರಿಗೆಲ್ಲ ನೀವು ಡಿಟಿಪಿ ಅಣ್ಣ. ಲಗ್ನಪತ್ರಿಕೆ, ತಿಥಿ ಕಾರ್ಡು, ಕೊಬ್ಬರಿ ಮಂಡಿಯ ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಎಲ್ಲವೂ ನಿಮ್ಮ ಬೆರಳಿನಿಂದಲೇ ಹೊರಡಬೇಕು. ಸಾವಿರಾರು ಜನರ ಹೆಸರನ್ನು ಒತ್ತು, ದೀರ್ಘ ತಪ್ಪದಂತೆ ಟೈಪು ಮಾಡಿದ ನಿಮ್ಮ ಸ್ವಂತ ಹೆಸರನ್ನು ನಾವು ಯಾರೂ ಕೇಳಲಿಲ್ಲ.

ನಾವು ತರುತ್ತಿದ್ದದ್ದು ಅಪ್ಪನ ಉದ್ದ ನೋಟ್‌ಬುಕ್ಕುಗಳನ್ನು. ನಿಮಗೆ ಮರೆತಿರಲಾರದು. ಪುಟದ ನೆತ್ತಿಯಲ್ಲಿ ಕೆಂಪು ಇಂಕಿನಲ್ಲಿ ಊರ ಹೆಸರು, ಅದರ ಕೆಳಗೆ ಆ ಊರಿನ ಹೊಲಗದ್ದೆಗಳ ಹೆಸರು, ಎದುರಿಗೆ ಆ ಹೆಸರು ಯಾಕೆ ಬಂತೆಂದು ಊರ ಹಿರಿಯರು ಹೇಳಿದ ಮಾತು. ಹುಣಸೆಮರದ ಹೊಲ, ತೂಬಿನ ಕೆಳಗಿನ ಗದ್ದೆ, ಮಾರಿಗುಡಿ ತಾಕು, ಬಸವನ ಹಕ್ಲು, ಸೊಸೆ ಬಿದ್ದ ಬಾವಿ ಹೊಲ. ಪ್ರೈಮರಿ ಶಾಲೆಯ ಮೇಷ್ಟ್ರಾಗಿ ಅಪ್ಪ ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು ಎಂದು ವರ್ಗವಾಗುತ್ತ ಹೋದ ಕಡೆಯಲ್ಲೆಲ್ಲ ಮಾಡಿದ ಕೆಲಸ ಇದೊಂದೇ. ಶಾಸನಗಳನ್ನು ದೊಡ್ಡವರು ಆಗಲೇ ಓದಿಯಾಗಿತ್ತು. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲೇ ಹೊರತಂದಿದ್ದರು. ಕಲ್ಲಿನ ಮೇಲೆ ಇರುವುದನ್ನು ಓದುವವರಿದ್ದಾರೆ, ಬಾಯಲ್ಲಿ ಇರುವುದನ್ನು ಬರೆದುಕೊಳ್ಳುವವರಿಲ್ಲ ಎನ್ನುವುದು ಅಪ್ಪನ ಕೊರಗು.

ಕೆಲವು ಹೊಲದ ಹೆಸರಿನಲ್ಲಿ ಶಾಸನವೇ ಅಡಗಿ ಕೂತಿರುತ್ತದೆ ಎಂದು ಅಪ್ಪ ನಿಮಗೆ ವಿವರಿಸಿದ್ದು ನೆನಪಿದೆಯೇ? ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಂಡವನಿಗೆ ಬಿಟ್ಟುಕೊಟ್ಟ ಭೂಮಿ ಕೊಡಗಿ. ಕಾಳಗದಲ್ಲಿ ಸತ್ತವನ ಮನೆಗೆ ಕೊಟ್ಟದ್ದು ನೆತ್ತರು ಕೊಡಗಿ. ಕೆರೆ ಒಡೆದು ಹೋಗಿರಬಹುದು, ಶಾಸನದ ಕಲ್ಲು ಯಾರದೋ ಮನೆಯ ಮೆಟ್ಟಿಲಾಗಿರಬಹುದು. ಆದರೂ ರಾಗಿ ಬಿತ್ತುವ ಹೆಂಗಸು ‘ಕೊಡಗಿ ತಾಕಿಗೆ ಹೋಗಿದ್ದೆ’ ಅನ್ನುತ್ತಾಳೆ. ಇಷ್ಟು ಕೇಳಿ ನೀವು ಕೀಲಿಮಣೆಯಿಂದ ಕೈ ತೆಗೆದಿರಿ. ಆವತ್ತೇ ನೀವು ನಮಗೆ ‘ಭೂಮಿ’ ಯೋಜನೆಯ ಕಥೆ ಹೇಳಿದ್ದು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಏರಿದ ಕಾಲದಲ್ಲಿ ನೀವು ದಿನಗೂಲಿಗೆ ಡೇಟಾ ಎಂಟ್ರಿ ಮಾಡಿದವರು. ‘ಅದ್ರಲ್ಲಿ ಬರೀ ನಂಬ್ರು ಸಾ. ನಮ್ಮಪ್ಪ ನಂಬ್ರಲ್ಲಿ ಉಳ್ತಿರ್ಲಿಲ್ಲ’ ಅಂದಿರಿ. ಅಪ್ಪ ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತನ್ನೇ ಆಡಿದರು. ಪಹಣಿ ಕಂಪ್ಯೂಟರಿಗೆ ಬಂದದ್ದರಿಂದ ರೈತನಿಗೆ ಆದ ಉಪಕಾರ ದೊಡ್ಡದು, ಅದನ್ನು ಅಪ್ಪನೂ ಒಪ್ಪುತ್ತಿದ್ದರು. ಆದರೆ ಸರ್ವೆ ನಂಬರಿನ ಕಾಲಂ ಇದ್ದಲ್ಲಿ ಹೊಲದ ಹೆಸರಿಗೂ ಒಂದು ಕಾಲಂ ಇಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಲೋಡ್ ಶೆಡ್ಡಿಂಗಿನ ಕಾಲ ಅದು. ಯುಪಿಎಸ್ ಕೀಂ ಕೀಂ ಎಂದು ಕೂಗುವ ಮೊದಲೇ ನಿಮಗೆ ಗೊತ್ತಾಗುತ್ತಿತ್ತು. ‘ಒಂದ್ನಿಮಿಷ ಸಾ, ಸೇವ್ ಮಾಡ್ಬುಡ್ತೀನಿ, ಕರೆಂಟ್ ಹೋಯ್ತದೆ.’ ಆಮೇಲೆ ಕತ್ತಲಲ್ಲಿ ಕೂತು ನೀವೂ ಅಪ್ಪನೂ ಯಾವ ಊರಲ್ಲಿ ಅಡ್ಡೆ ಅನ್ನುತ್ತಾರೆ, ಯಾವ ಊರಲ್ಲಿ ಮಾಳ ಅನ್ನುತ್ತಾರೆ ಎಂದು ಮಾತಾಡುತ್ತಿದ್ದಿರಿ. ನನಗೆ ಆಗ ಮನೆಗೆ ಹೋಗುವ ಅವಸರ.

ಅಪ್ಪ 2011ರಲ್ಲಿ ಹೋದರು. ಅದಕ್ಕೂ ಮೊದಲೇ ನಿಮ್ಮ ಅಂಗಡಿ ಮುಚ್ಚಿತ್ತು. ಪೀಣ್ಯಕ್ಕೆ ಹೋದರು ಎಂದರು ಒಬ್ಬರು. ತುಮಕೂರಿನಲ್ಲಿ ಇದ್ದಾರೆ ಎಂದರು ಇನ್ನೊಬ್ಬರು. ಇನ್ನೊಂದು ಮಾತೂ ಕಿವಿಗೆ ಬಿತ್ತು, ಅದನ್ನು ನಂಬಲು ನನಗೆ ಮನಸ್ಸಿಲ್ಲ. ಮಳಿಗೆಯಲ್ಲಿ ಈಗ ಮೊಬೈಲ್ ಕವರುಗಳು ನೇತಾಡುತ್ತಿವೆ. ಪುಸ್ತಕ ಅಚ್ಚಾಗಲಿಲ್ಲ. ಟೈಪಾದ ಮೇಲೆ ನೋಟ್‌ಬುಕ್ಕುಗಳನ್ನು ನಾವು ಸರಿಯಾಗಿ ಇಟ್ಟುಕೊಳ್ಳಲಿಲ್ಲ, ಬಹುಪಾಲು ಗೆದ್ದಲು ತಿಂದವು. ಕಂಪ್ಯೂಟರಿನಲ್ಲಿದೆ ಎಂಬ ಧೈರ್ಯ ನಮ್ಮದು.

ಹೋದ ವರ್ಷ ಅರಸೀಕೆರೆಯ ಮನೆಯ ಕೊಬ್ಬರಿ ಅಟ್ಟವನ್ನು ಖಾಲಿ ಮಾಡಿಸಿದೆ. ಬೇರೆ ಸೀಮೆಯ ಓದುಗರಿಗಾಗಿ ಒಂದು ಮಾತು: ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನಬೇಕು. ಆ ಅಟ್ಟದ ಮೂಲೆಯಲ್ಲಿ ಬಿಸ್ಕತ್ತಿನ ಡಬ್ಬದೊಳಗೆ ಹದಿಮೂರು ಫ್ಲಾಪಿಗಳು ಸಿಕ್ಕವು. ಎಲ್ಲದರ ಮೇಲೂ ನಿಮ್ಮ ಅಕ್ಷರ: ಮೇಷ್ಟ್ರು 1, ಮೇಷ್ಟ್ರು 2, ಮೇಷ್ಟ್ರು ಹೊಸದು, ಮೇಷ್ಟ್ರು ಹೊಸದು ಕೊನೆ. ನೀವು ಬರೆದುಕೊಟ್ಟಿದ್ದ ಮೂರು ಸಿಡಿಗಳು ಮಾತ್ರ ನನ್ನ ಮದುವೆಯಾದ ಮೇಲೆ ನನ್ನ ಜೊತೆ ಬೇಲೂರಿಗೆ ಹೋಗಿದ್ದವು. ಸಿಡಿ ಹೊಸದು, ಫ್ಲಾಪಿ ಹಳೆಯದು, ಹೊಸದೇ ಭದ್ರ ಎಂದುಕೊಂಡಿದ್ದೆವು. ಆದದ್ದು ತಿರುಗುಮುರುಗು. ಬೇಲೂರು ಮಲೆನಾಡಿನ ಸೆರಗು, ಮಳೆಗಾಲದಲ್ಲಿ ಬೀರುವಿನೊಳಗಿನ ಸೀರೆಗೂ ಬೂಸ್ಟು ಬರುವ ಊರು. ಸಿಡಿಯಲ್ಲಿ ದತ್ತಾಂಶ ಇರುವುದು ಬರೆಯುವ ಮಗ್ಗುಲಿನ ತೆಳು ಪದರದ ಕೆಳಗೇ. ಆ ಪದರ ಹೊಪ್ಪಳೆಯಾಗಿ ಎದ್ದರೆ ಒಳಗಿನದೂ ಅದರ ಜೊತೆ ಹೋಯಿತು. ನಮ್ಮ ಮೂರೂ ಹಾಗೆ ಹೋದವು. ಬಯಲುಸೀಮೆಯ ಒಣ ಅಟ್ಟದಲ್ಲಿ ಕೊಬ್ಬರಿಯ ಜೊತೆ ಒಣಗಿದ ಫ್ಲಾಪಿಗಳು ಉಳಿದವು.

ಉಳಿದವು ಎಂದರೆ ಓದಿಸಿಕೊಂಡವು ಎಂದಲ್ಲ. ಫ್ಲಾಪಿ ಹಾಕಲು ಕಿಂಡಿ ಇರುವ ಕಂಪ್ಯೂಟರು ಈಗ ಎಲ್ಲಿದೆ? ಸೋನಿ ಕಂಪನಿ ಫ್ಲಾಪಿ ಮಾರುವುದನ್ನೇ 2011ರಲ್ಲಿ ನಿಲ್ಲಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೂರು ಅಂಗಡಿ ಅಲೆದು ಯುಎಸ್‌ಬಿ ತಂತಿಯ ಒಂದು ಹಳೆಯ ಡ್ರೈವ್ ತಂದೆ. ಹಾಕಿದ ಮೊದಲ ಫ್ಲಾಪಿ ಕರಕರ ಎಂದು ಅತ್ತಿತು. ಹೊರಗೆ ತೆಗೆದು ತಗಡಿನ ಬಾಗಿಲು ಸರಿಸಿ ನೋಡಿದರೆ ಕಂದು ತಟ್ಟೆಯ ಮೇಲೆ ಬಿಳಿ ಪುಡಿ. ಇಷ್ಟಾದ ಮೇಲೆ ಕಲಿತೆ: ಇಯರ್‌ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ, ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ಎರಡೂ ಮಗ್ಗುಲು ಒರೆಸಬೇಕು. ಒರೆಸಿ ಒಣಗಿಸಿದ ಮೇಲೇ ಡ್ರೈವಿಗೆ ಹಾಕಬೇಕು. ಇಲ್ಲವಾದರೆ ಒಂದರ ಬೂಸ್ಟು ಡ್ರೈವಿನ ತಲೆಗೆ ಅಂಟಿ ಮುಂದಿನದನ್ನೂ ಗೀರುತ್ತದೆ. ಮಗುವಿನ ಕಿವಿ ಒರೆಸಿದ ಹಾಗೆ ಒರೆಸಿದೆ.

1.44 ಎಂಬಿಯ ಒಂದು ಫ್ಲಾಪಿಯೆಂದರೆ 512 ಬೈಟುಗಳ 2880 ತುಣುಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವೊಂದಿದೆ. ಅದು ಮೊದಲು ಸುಲಭವಾಗಿ ಓದಿಸಿಕೊಳ್ಳುವ ತುಣುಕುಗಳನ್ನೆಲ್ಲ ಎತ್ತಿಕೊಂಡು, ಓದಿಸಿಕೊಳ್ಳದವನ್ನು ಪಟ್ಟಿ ಮಾಡಿ ಇಟ್ಟುಕೊಂಡು, ಮತ್ತೆ ಮತ್ತೆ ಅವುಗಳ ಬಳಿಗೇ ಹೋಗುತ್ತದೆ. ಹಟಮಾರಿ ಹುಡುಗನಿಗೆ ಮಗ್ಗಿ ಕಲಿಸುವ ಅಪ್ಪನ ತಾಳ್ಮೆ ಅದಕ್ಕೆ. ನಾಲ್ಕನೇ ಫ್ಲಾಪಿಯ ಒಂದು ತುಣುಕು ಎರಡು ರಾತ್ರಿ ಓದಿಸಿಕೊಳ್ಳದೆ ಮೂರನೆಯ ದಿನ ಬೆಳಗ್ಗೆ ಬಂತು. ಒಟ್ಟು ಹದಿಮೂರರಲ್ಲಿ ಒಂಬತ್ತು ಪೂರ್ತಿ ಬಂದವು, ಎರಡು ಅರ್ಧಂಬರ್ಧ, ಎರಡು ಬಾಯಿ ಬಿಡಲೇ ಇಲ್ಲ.

ಕಡತ ತೆರೆದರೆ ಪರದೆಯ ತುಂಬ ಗೀಟು, ಚುಕ್ಕೆ, ಕೊಂಬು ಬಂದ ಇಂಗ್ಲಿಷ್ ಅಕ್ಷರ. ಕನ್ನಡದ ಒಂದು ಸೊಲ್ಲೂ ಇಲ್ಲ. ನೀವು ‘ನುಡಿ’ಯಲ್ಲಿ ಟೈಪು ಮಾಡುತ್ತಿದ್ದಿರಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ಆ ತಂತ್ರಾಂಶ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಅದಕ್ಕೂ ಮೊದಲು 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಇವು ಇಲ್ಲದಿದ್ದರೆ ಅರಸೀಕೆರೆಯಂಥ ಊರಿನ ಗಲ್ಲಿಗೆ ಕನ್ನಡದ ಕಂಪ್ಯೂಟರು ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರಿನ ನೆನಪಿಗೆ ಹೋಗುತ್ತಿದ್ದದ್ದು ಇಂಗ್ಲಿಷಿನ ಸಂಕೇತ, ಕಣ್ಣಿಗೆ ಕಾಣುತ್ತಿದ್ದದ್ದು ಕನ್ನಡ. ‘ಕ’ದ ಜಾಗದಲ್ಲಿ ದೊಡ್ಡ ಪಿ, ‘ನ’ದ ಜಾಗದಲ್ಲಿ ಇಂಗ್ಲೆಂಡಿನ ಪೌಂಡಿನ ಗುರುತು, ತಲೆಕಟ್ಟಿಗೆ ಪ್ರತ್ಯೇಕ ಇನ್ನೊಂದು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಅದರದೇ ಮನೆ ಕೊಟ್ಟಿತ್ತು. ವಿಂಡೋಸಿನಲ್ಲಿ ಅದು ಕಂಡದ್ದು 2001ರ ಎಕ್ಸ್‌ಪಿಯಲ್ಲಿ. ನಿಮ್ಮದು ವಿಂಡೋಸ್ 98. ಅಲ್ಲದೆ ನೀವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುತ್ತಲೇ ಇರಲಿಲ್ಲ. 2001ರ 7.0 ಆವೃತ್ತಿಯೇ ಅದರ ಕೊನೆಯದು.

ಈ ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ್ದಾರೆ. ಅದರಿಂದಲೇ ಬಹುಪಾಲು ದಾಟಿತು. ಪೂರ್ತಿ ನಂಬುವಂತಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತದೆ, ಹೊಸದರಲ್ಲಿ ಅದೇ ರಕಾರ ಮುಂದಕ್ಕೆ ಹೋಗಬೇಕು. ‘ಮ’ ಎಂಬ ಅಕ್ಷರವೇ ಅಲ್ಲಿ ಇರಲಿಲ್ಲ, ‘ವ’ಕ್ಕೆ ಒಂದು ಬಾಲ ಅಂಟಿಸಿದರೆ ಅದು ‘ಮ’. ಒಂದು ಕಡತ ದಾಟುವಾಗ ಆ ಬಾಲಗಳು ಉದುರಿ, ಹುಣಸೆಮರದ ಹೊಲಗಳೆಲ್ಲ ‘ಹುಣಸೆವರದ ಹೊಲ’ ಆಗಿದ್ದವು. ಮರವೋ ವರವೋ ತೀರ್ಮಾನಿಸಲು ಹೊಲ ಬಲ್ಲವರು ಬೇಕು. ನಾನೂರು ಪುಟ, ಪ್ರತಿ ಸಾಲಿಗೂ ಬೆರಳಿಟ್ಟು ಓದುತ್ತಿದ್ದೇನೆ. ಟೈಪಿನ ತಪ್ಪುಗಳು ಬಹಳ ಕಡಿಮೆ ಎಂದು ನಿಮಗೆ ತಿಳಿಸಬೇಕು. ಳಕಾರ, ಲಕಾರ ಒಂದೂ ಅದಲುಬದಲಾಗಿಲ್ಲ.

ಕಡತಗಳಿಗೆ ಕಾಲಕ್ರಮ ಹಿಡಿಯಲು ಹೊರಟು ಸೋತೆ. ಎಲ್ಲವುಗಳ ತಾರೀಖೂ ಒಂದೇ: 1980ರ ಜನವರಿ 1. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ನಿಮ್ಮ ಅಂಗಡಿ ಕಣ್ಣಮುಂದೆ ಬಂತು. ಕಂಪ್ಯೂಟರು ಹಾಕಿದ ಕೂಡಲೇ ಕಪ್ಪು ಪರದೆಯಲ್ಲಿ ಏನೋ ಬರೆದು ನಿಲ್ಲುತ್ತಿತ್ತು, ನೀವು ಅತ್ತ ನೋಡದೆಯೇ ಎಫ್ 1 ಒತ್ತುತ್ತಿದ್ದಿರಿ. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಗಡಿಯಾರಕ್ಕೆ ದಿನ ನೆನಪಿರದೆ ಪ್ರತಿ ಬೆಳಗ್ಗೆಯೂ 1980ರಿಂದ ಶುರು ಮಾಡುತ್ತಿತ್ತು. ಅಪ್ಪ ಬೇಲೂರಿನ ದೇವಸ್ಥಾನಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಹೇಳುತ್ತಿದ್ದ ಮಾತು ಆಗ ನೆನಪಾಯಿತು. ಶಾಸನ ಬರೆಸಿದವರು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಹಾಕಿಸುತ್ತಿದ್ದರು. ಒಂದು ಸವೆದರೆ ಇನ್ನೊಂದು ಹೇಳುತ್ತದೆ. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ ಎಂದು ನಾವು ಇಂದು ಹೇಳುವುದು ಅದರ ಬಲದಿಂದಲೇ. ಅದೇ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕಡೆದ ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಊರ ಹೆಸರನ್ನೂ ಕೆತ್ತಿದ್ದಾರೆ.

ಬೇಲೂರು ತಾಲ್ಲೂಕಿನಲ್ಲೇ ಇರುವ ಹಲ್ಮಿಡಿಗೆ ಅಪ್ಪ ವರ್ಷಕ್ಕೊಮ್ಮೆಯಾದರೂ ಹೋಗುತ್ತಿದ್ದರು. ಎಂ.ಎಚ್. ಕೃಷ್ಣ 1936ರಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಹೇಳುವ ಆ ಶಾಸನದ ಹದಿನಾರು ಸಾಲುಗಳಲ್ಲಿ ಇರುವುದಾದರೂ ಏನು? ಕತ್ತಿ ಹಿಡಿದು ಗೆದ್ದವನಿಗೆ ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ದಾನವಾಗಿ, ಊರುಗಳನ್ನು ಕೊಟ್ಟ ಸಂಗತಿ, ಆ ಊರುಗಳ ಹೆಸರು. ಅಲ್ಲಿ ಪಲ್ಮಿಡಿ, ಈಗ ಹಲ್ಮಿಡಿ. ಮೂಲ ಕಲ್ಲು ಊರು ಬಿಟ್ಟು ಹೋಗಿದೆ, ಊರಿನಲ್ಲಿ ಇರುವುದು ಪ್ರತಿಕೃತಿ. ಹೆಸರು ಮಾತ್ರ ಊರು ಬಿಟ್ಟು ಹೋಗಲಿಲ್ಲ.

ನಮ್ಮದು ಮಾತ್ರ ಹೀಗಾಯಿತೇ ಎಂದು ಕೊರಗುವಾಗ ಇಂಗ್ಲೆಂಡಿನ ಕಥೆಯೊಂದು ಓದಿದೆ, ನಿಮಗೂ ಹೇಳುತ್ತೇನೆ. 1086ರಲ್ಲಿ ಅಲ್ಲಿನ ದೊರೆ ದೇಶದ ಬಹುಪಾಲು ಭೂಮಿಯನ್ನು ಬರೆಸಿದ. ಡೂಮ್ಸ್‌ಡೇ ಬುಕ್ ಎಂಬ ಆ ತೊಗಲಿನ ಪುಸ್ತಕ ಇಂದಿಗೂ ಓದಲು ಬರುತ್ತದೆ. ಅದರ 900 ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಹತ್ತು ಲಕ್ಷ ಜನರನ್ನು ಕೂಡಿಸಿಕೊಂಡು ತಮ್ಮ ತಮ್ಮ ಊರಿನ ವಿವರ, ಚಿತ್ರಗಳನ್ನು ಲೇಸರ್ ತಟ್ಟೆಗಳಲ್ಲಿ ತುಂಬಿತು. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆ ಓದುವ ಯಂತ್ರಗಳೇ ಅಪರೂಪವಾಗಿ, 2002ರಲ್ಲಿ ವಿಶ್ವವಿದ್ಯಾಲಯದವರು ಸೇರಿ ಅದನ್ನು ಉಳಿಸಿಕೊಳ್ಳಬೇಕಾಯಿತು. ಅಷ್ಟು ಹಣವಿದ್ದವರದೇ ಆ ಪಾಡು. ಅಲ್ಲಿ ಇಡೀ ತಂಡವಿತ್ತು. ಅರಸೀಕೆರೆಯಲ್ಲಿ ನೀವು ಒಬ್ಬರು ಇದ್ದಿರಿ, ನಮ್ಮ ಪಟ್ಟಿಯ ಬೀಗದ ಕೈ ನಿಮ್ಮ ತಲೆಯಲ್ಲಿತ್ತು.

ಈಗ ಈ ಕಾಗದ ಬರೆಯಲು ಕಾರಣವಾದ ಸಂಗತಿ.

ಏಳನೇ ಫ್ಲಾಪಿಯಲ್ಲಿ ಅಪ್ಪನದಲ್ಲದ ಒಂದು ಕಡತ ಇತ್ತು. ಅಪ್ಪನ ನೋಟ್‌ಬುಕ್ಕಿನ ಕ್ರಮ ಅದಕ್ಕಿಲ್ಲ, ಹಿರಿಯರ ಮಾತಿನ ಟಿಪ್ಪಣಿಯಿಲ್ಲ. ಮೇಲೆ ಒಂದೇ ಸಾಲು: ‘ಮೇಷ್ಟ್ರೇ, ಇದು ನಮ್ಮೂರಿಂದು. ಸರಿ ಅನ್ನಿಸಿದ್ರೆ ಸೇರಿಸಿ.’ ಕೆಳಗೆ ಇಪ್ಪತ್ತಮೂರು ಹೊಲಗಳ ಹೆಸರು. ಕೆಲಸ ಮುಗಿದ ಮೇಲೆ, ದುಡ್ಡಿಲ್ಲದ ಹೊತ್ತಿನಲ್ಲಿ ಕೂತು ಟೈಪು ಮಾಡಿದ್ದೀರಿ. ಫ್ಲಾಪಿ ಕೈಗೆ ಕೊಡುವಾಗ ಸಂಕೋಚಕ್ಕೆ ಹೇಳಿರಲಿಕ್ಕಿಲ್ಲ. ಅಪ್ಪನಿಗೆ ಕಂಪ್ಯೂಟರು ತೆರೆಯಲು ಬರುತ್ತಿರಲಿಲ್ಲ, ಪ್ರಿಂಟು ತೆಗೆದದ್ದನ್ನಷ್ಟೇ ಓದುತ್ತಿದ್ದರು. ನಿಮ್ಮ ಕಡತದ ಪ್ರಿಂಟು ಯಾರೂ ತೆಗೆಯಲಿಲ್ಲ. ಅಪ್ಪ ಅದನ್ನು ನೋಡದೆಯೇ ಹೋದರು. ನೋಡಿದ್ದರೆ ಆ ಸಂಜೆಯೇ ನಿಮ್ಮ ಊರಿಗೆ ಬಸ್ಸು ಹತ್ತುತ್ತಿದ್ದರು, ನನಗೆ ಗೊತ್ತು.

ಹೊಲಗಳ ಹೆಸರಿವೆ. ಊರಿನ ಹೆಸರಿಲ್ಲ. ‘ನಮ್ಮೂರು’ ಎಂದಷ್ಟೇ ಇದೆ.

ಪಟ್ಟಿಯಲ್ಲಿ ‘ಹಳಿ ಪಕ್ಕದ ಹೊಲ’ ಇದೆ, ‘ಜಾವಗಲ್ ದಾರಿ ಮೂಲೆ’ ಇದೆ. ಬಾಣಾವರದ ಸುತ್ತಿನ ಊರಿರಬೇಕು ಎಂದು ಎರಡು ಭಾನುವಾರ ಅಲೆದೆ. ಸ್ಟೇಷನ್ ಆಚೆಯ ನಾಲ್ಕು ಹಳ್ಳಿಗಳಲ್ಲಿ ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಪಟ್ಟಿ ಓದಿ ಹೇಳಿದೆ. ಒಂದೆರಡು ಹೆಸರಿಗೆ ತಲೆಯಾಡಿಸಿದರು, ಪೂರ್ತಿ ಪಟ್ಟಿ ಯಾವ ಊರಿಗೂ ಕೂಡಲಿಲ್ಲ. ಒಬ್ಬ ಅಜ್ಜಿ, ‘ಈಗಿನ ಹುಡುಗ್ರು ಬೋರ್‌ವೆಲ್ ಹೊಲ ಅಂತಾರೆ ಕಣವ್ವ, ಹಳೇ ಹೆಸ್ರು ಯಾರಿಗ್ ಬೇಕು’ ಅಂದರು. ಅಂದವರೇ ನನ್ನನ್ನು ಕೂರಿಸಿಕೊಂಡು ತಮ್ಮ ಊರಿನ ಹದಿನೇಳು ಹೆಸರು ಬರೆಸಿದರು. ಅವನ್ನು ಕಾಗದದಲ್ಲೂ ಬರೆದಿದ್ದೇನೆ, ಯೂನಿಕೋಡಿನಲ್ಲೂ ಹಾಕಿದ್ದೇನೆ, ಅಜ್ಜಿಯ ಹೆಸರು, ತಾರೀಖು, ವಾರ ಸಮೇತ.

ಅಪ್ಪನ ಪುಸ್ತಕದ ಕರಡು ಸಿದ್ಧವಾಗುತ್ತಿದೆ. ನಿಮ್ಮ ಪಟ್ಟಿಗೆ ಎರಡು ಪುಟ ಇಟ್ಟಿದ್ದೇನೆ. ಮೇಲೆ ಊರ ಹೆಸರಿನ ಜಾಗ ಖಾಲಿ, ಕೆಳಗೆ ನಿಮ್ಮ ಹೆಸರಿನ ಜಾಗ ಖಾಲಿ. ‘ಸರಿ ಅನ್ನಿಸಿದ್ರೆ ಸೇರಿಸಿ’ ಎಂದು ಕೇಳಿದ್ದಿರಿ. ಸರಿ ಅನ್ನಿಸಿದೆ ಅಣ್ಣಾ, ಸೇರಿಸಿದ್ದೇನೆ. ಎಲ್ಲಿದ್ದರೂ ಒಂದು ಮಾತು ತಿಳಿಸಿ. ಭಾನುವಾರಗಳಲ್ಲಿ ಅರಸೀಕೆರೆಯ ಮನೆಯಲ್ಲೇ ಇರುತ್ತೇನೆ.

ಓದುಗರಲ್ಲಿ ಒಂದು ಬಿನ್ನಹ. ಈ ಐದು ಹೆಸರುಗಳು ಅಕ್ಕಪಕ್ಕ ಇರುವ ಊರು ನಿಮಗೆ ಗೊತ್ತಿದ್ದರೆ ಈ ಪತ್ರಿಕೆಗೆ ಬರೆಯಿರಿ: ಹಳಿ ಪಕ್ಕದ ಹೊಲ, ಜಾವಗಲ್ ದಾರಿ ಮೂಲೆ, ಕುರುಡಜ್ಜನ ತಾಕು, ಎರಡು ತೂಬಿನ ಗದ್ದೆ, ಮಗ್ಗದವರ ಕೊಡಗಿ.

ಇಂತಿ,
ಮೇಷ್ಟ್ರ ಮಗಳು